ಗುಮಾಸ್ತೆಯ ಕೋಟು

ನಲವತ್ತೊಂದು ಹೆಸರುಗಳನ್ನು ನಿರ್ದೇಶಕ ಒಂದೇ ಮಧ್ಯಾಹ್ನದಲ್ಲಿ ಹೆತ್ತಿದ್ದ. ಹೆತ್ತದ್ದಕ್ಕೆ ತಕ್ಕ ಆಯಾಸವೂ ಮುಖದ ಮೇಲಿತ್ತು. ಮಾರನೆಯ ಬೆಳಿಗ್ಗೆ ಹತ್ತಕ್ಕೆ ತಾಲೀಮಿನ ಗೋದಾಮಿಗೆ ಬಂದವನೇ ದೊಡ್ಡ ಹಾಳೆಯೊಂದನ್ನು ಗೋಡೆಗೆ ಅಂಟಿಸಿ, ಎರಡು ಹೆಜ್ಜೆ ಹಿಂದೆ ಸರಿದು, ತಲೆ ಓರೆ ಮಾಡಿ ತನ್ನ ಸಂತಾನವನ್ನು ತಾನೇ ನೋಡಿಕೊಂಡ. ಎಲ್ಲವೂ ಗಂಭೀರವಾದ ಹೆಸರುಗಳು, ಒಂದೊಂದಕ್ಕೂ ಒಳ್ಳೆಯ ಅರ್ಥ. ಬೆಳಕು ಅನ್ನುವಂಥದ್ದು, ನದಿ ಅನ್ನುವಂಥದ್ದು, ಧೈರ್ಯ ಅನ್ನುವಂಥದ್ದು, ಮುಂಜಾವು ಅನ್ನುವಂಥದ್ದು. ಕಲ್ಲು ಒಡೆದು ಹೊಟ್ಟೆ ಹೊರೆಯುತ್ತಿದ್ದವರ ಗುಡಿಸಲಲ್ಲಿ ಯಾವ ತಾಯಿ ತನ್ನ ಮಗನನ್ನು ಮುಂಜಾವು ಅಂತ ಕರೆದಾಳು ಅಂತ ಕತ್ತರಿಗೆ ಅನ್ನಿಸಿತು. ಅನ್ನಿಸಿದ್ದನ್ನು ನುಂಗಿಕೊಂಡು, "ಚೆನ್ನಾಗಿದೆ ಸಾರ್, ಘನತೆ ಇದೆ" ಅಂದ. ಘನತೆ ಅನ್ನುವ ಮಾತು ಕೇಳಿದರೆ ನಿರ್ದೇಶಕನಿಗೆ ಕಿವಿಗೆ ಎಣ್ಣೆ ಬಿಟ್ಟಷ್ಟು ಹಿತ. ಅದು ಗೊತ್ತಿದ್ದೇ ಆಡಿದ ಮಾತು. ಆಡಿದ ಮೇಲೆ ತನ್ನ ನಾಲಿಗೆಯ ಬಗ್ಗೆ ತನಗೇ ಹೇಸಿಗೆ ಹುಟ್ಟಿತು. ಆ ಹೇಸಿಗೆಯೂ ಹಳೆಯದೇ, ಚಪ್ಪಲಿಯ ಹಾಗೆ ಕಾಲಿಗೆ ಹೊಂದಿಕೊಂಡುಬಿಟ್ಟಿತ್ತು.

ಕತ್ತರಿ ಅಂತ ಹೆಸರಿಟ್ಟವರು ತಂಡದವರು. ಅವನು ನಾಟಕ ಬರೆಯುವವನಲ್ಲ, ಆಡುವವನೂ ಅಲ್ಲ. ಬರೆದದ್ದನ್ನು ಓದಿ, ಎಲ್ಲಿ ಜೋಲುತ್ತದೆ ಎಲ್ಲಿ ಎಳೆಯುತ್ತದೆ ಅಂತ ನೋಡಿ, ಕತ್ತರಿಸಿ ಜೋಡಿಸಿ ಕೊಡುವವನು. ಹಳೆಯ ಕಾಗದ ಪತ್ರ ಹುಡುಕಿ ತರುವುದು, ನಟರಿಗೆ ಹಿನ್ನೆಲೆ ಹೇಳುವುದು, ತಾಲೀಮಿನಲ್ಲಿ ನಾಟಕದ ಪ್ರತಿ ಹಿಡಿದು ಕೂರುವುದು ಕೂಡ ಅವನದೇ. ಪ್ರದರ್ಶನದ ದಿನ ಕರೆದು ಚಪ್ಪಾಳೆ ಹೊಡೆಸುವಾಗ ಅವನ ಹೆಸರು ಒಮ್ಮೊಮ್ಮೆ ಮರೆತುಹೋಗುತ್ತದೆ. ನಲವತ್ತೈದು ವರ್ಷದ ಗಂಡಸು ಅದಕ್ಕೂ ಮುನಿಸಿಕೊಂಡು ಎರಡು ದಿನ ಯಾರೊಂದಿಗೂ ಮಾತಾಡದೆ ಇರುತ್ತಾನೆ, ಯಾರೂ ಗಮನಿಸುವುದಿಲ್ಲ.

ಈ ಸಲದ ನಾಟಕ ಎಪ್ಪತ್ತು ವರ್ಷದ ಹಿಂದಿನ ಕಲ್ಲುಗಣಿಯದು. ದೊರೆಗಳ ಕಂಪನಿಯ ಗಣಿ. ಆಳುಗಳು ಏಳು ದಿನ ಸುತ್ತಿಗೆ ಕೆಳಗಿಟ್ಟು ಕೂತರು. ಎಂಟನೆಯ ದಿನ ದೊರೆ ಎಲ್ಲರನ್ನೂ ಅಂಗಳದಲ್ಲಿ ನಿಲ್ಲಿಸಿ ಹಾಜರಿ ಕೂಗಿಸಿದ. ಕಂಪನಿಯ ಗುಮಾಸ್ತೆ, ಈ ನೆಲದವನೇ, ಪಟ್ಟಿ ಓದಿದ. ಹೆಸರು ಕೇಳಿ "ಇದ್ದೀನಿ" ಅಂದವನು ಸಾಲಿನಿಂದ ಹೊರಗೆ ಬಂದು ಸಿಡಿಮದ್ದು ಇಡುವ ಮನೆಯ ಗೋಡೆಗೆ ಬೆನ್ನು ಕೊಟ್ಟು ನಿಲ್ಲಬೇಕು. ನಲವತ್ತೊಂದು ಜನ ನಿಂತ ಮೇಲೆ ಗುಂಡು ಹಾರಿತು. ಹೆಣಗಳನ್ನು ಹಳೆಯ ಗುಂಡಿಯಲ್ಲಿ ಸುರಿದು ಮೇಲೆ ಸುಣ್ಣ ಮುಚ್ಚಿದರು. ಉಳಿದ ಆಳುಗಳು ಬೇರೆ ಬೇರೆ ಊರಿನಿಂದ ಬಂದವರು, ಅಂದೇ ದಿಕ್ಕಾಪಾಲಾದರು. ಈ ದೇಶ ಬಿಟ್ಟುಹೋಗುವ ಮೊದಲು ದೊರೆಗಳು ಹಾಜರಿ ಪುಸ್ತಕಗಳನ್ನೆಲ್ಲ ಸುಟ್ಟರು. ಕಾಗದದ ಮೇಲೆ ಉಳಿದದ್ದು ನಲವತ್ತೊಂದು ಅನ್ನುವ ಲೆಕ್ಕ ಒಂದೇ. ಈಗ ಅದೇ ದೊರೆಗಳ ದೇಶದ ಸಂಸ್ಕೃತಿ ಕಚೇರಿ ಈ ನಾಟಕದ ಬೆನ್ನಿಗೆ ನಿಂತಿದೆ, ಇಪ್ಪತ್ತು ಪ್ರದರ್ಶನ ಆಗಲೇಬೇಕು ಅಂತ ಹಟ ಹಿಡಿದಿದೆ. ಪಶ್ಚಾತ್ತಾಪಕ್ಕೂ ಒಂದು ಇಲಾಖೆ ಮಾಡಿಕೊಂಡಿದ್ದಾರೆ ಪುಣ್ಯಾತ್ಮರು. ಹೋದ ತಿಂಗಳು ಅಲ್ಲಿಂದೊಬ್ಬ ಹೆಂಗಸು ಬಂದು ತಾಲೀಮು ನೋಡಿ ಕಣ್ಣೊರೆಸಿಕೊಂಡಳು. ನಿರ್ದೇಶಕ ಆಕೆಗೆ ಚಹಾ ಕೊಟ್ಟು ತಾನೂ ಕಣ್ಣೊರೆಸಿಕೊಂಡ. ಇಬ್ಬರೂ ಒಬ್ಬರನ್ನೊಬ್ಬರು ಸಂತೈಸಿದ ರೀತಿ ನೋಡಿದರೆ ಗುಂಡು ಬಿದ್ದದ್ದು ಇವರಿಗೇ ಇರಬೇಕು ಅನ್ನಬೇಕು.

ಹೆಸರು ಕಟ್ಟಬೇಕಾಗಿ ಬಂದದ್ದು ಒಂದು ಕಾಗದದಿಂದ. ನಾಲ್ಕು ತಿಂಗಳ ಹಿಂದೆ ಕತ್ತರಿಯೇ ಹುಡುಕಿ ತಂದದ್ದು. ಗಣಿಯ ಮೇಲ್ವಿಚಾರಕನ ಹೆಂಡತಿ, ಪರದೇಶದವಳು, ತನ್ನ ತಂಗಿಗೆ ಬರೆದ ಕಾಗದ. ನಮ್ಮ ಗುಮಾಸ್ತೆ ತುಂಬಾ ತಮಾಷೆಯ ಮನುಷ್ಯ, ಆಳುಗಳ ಹೆಸರು ನಮ್ಮ ನಾಲಿಗೆಗೆ ಹೊರಳುವುದಿಲ್ಲ ಅಂತ ಅವರಿಗೆಲ್ಲ ಅಡ್ಡಹೆಸರಿಟ್ಟು ಹಾಜರಿ ಪುಸ್ತಕದಲ್ಲಿ ಹಾಗೇ ಬರೆದಿದ್ದಾನೆ, ಉಬ್ಬುಹಲ್ಲ, ಕೋಲುಕಾಲ, ಎರಡು ಹೆಂಡಿರ ಕೂಲಿಕಾರ ಅಂತ ಅವನು ಕೂಗುವುದನ್ನು ಕೇಳಿದರೆ ನಕ್ಕು ಸಾಕಾಗುತ್ತದೆ, ಅಂತ ಅವಳು ಬರೆದಿದ್ದಳು. ಆ ಮೂರು ಹೆಸರು ಓದುತ್ತಿದ್ದ ಹಾಗೆ ಕತ್ತರಿಯ ಬಾಯಿ ತಾನಾಗಿ ನಾಲ್ಕನೆಯದನ್ನು ಹೇಳಿತು, ಅಳುಬುರುಕ. ಐದನೆಯದು, ಅವನ ತಮ್ಮ. ಗ್ರಂಥಾಲಯದ ಉದ್ದ ಮೇಜಿನ ಎದುರು ಕೂತಿದ್ದ ಯಾರೋ ತಲೆ ಎತ್ತಿ ನೋಡಿದರು. ಅವನ ಅಂಗೈ ತೊಡೆಯ ಮೇಲೆ ತಾಳ ಹಾಕುತ್ತಿತ್ತು.

ತಾತನ ತಾಳ. ಮನೆಯ ಹಿತ್ತಲಿನ ಮೆಟ್ಟಿಲ ಮೇಲೆ ತಾತ ಕೂತರೆ ಮಕ್ಕಳೆಲ್ಲ ಸುತ್ತ. ಕಳ್ಳ ಯಾರು ಅಂತ ಆರಿಸುವುದಕ್ಕೆ ಬೇರೆ ಮನೆಯ ಮಕ್ಕಳಿಗೆ ಬೇರೆ ಎಣಿಕೆ ಇತ್ತು, ಇವರ ಮನೆಯ ಎಣಿಕೆ ತಾತ ಹೇಳಿಕೊಟ್ಟದ್ದು. ಉಬ್ಬುಹಲ್ಲ, ಕೋಲುಕಾಲ, ಎರಡು ಹೆಂಡಿರ ಕೂಲಿಕಾರ, ಅಳುಬುರುಕ, ಅವನ ತಮ್ಮ. ಒಬ್ಬೊಬ್ಬ ಮಗುವೂ ತನ್ನ ಪಾಳಿಗೆ "ಇದ್ದೀನಿ" ಅನ್ನಬೇಕು. ಅಂದವನು ಹೊರಗೆ ಹೋಗಿ ಗೋಡೆಗೆ ಒರಗಿ ನಿಲ್ಲಬೇಕು, ಮಕ್ಕಳು ಸಾಲದಿದ್ದರೆ ನಿಂತವರೇ ಮತ್ತೆ ಸಾಲಿಗೆ. ಮಜಾ ಇದ್ದದ್ದು ಹತ್ತೊಂಬತ್ತನೆಯದರಲ್ಲಿ. ಹತ್ತೊಂಬತ್ತನೆಯದು ಆರು ಬೆರಳ. ಅದಕ್ಕೆ ಯಾರೂ ಉತ್ತರ ಕೊಡಬಾರದು, ಅದು ಆಟದ ನಿಯಮ. ತಾತ ಮೂಗಿನಲ್ಲಿ ಎಳೆದು, "ಆರು ಬೆರಳಾ..." ಅಂತ ಕರೆದು, ಕಣ್ಣು ಕಿರಿದು ಮಾಡಿ ಎಲ್ಲರ ಮುಖವನ್ನೂ ಒಂದು ಸುತ್ತು ನೋಡುತ್ತಿದ್ದ. ಮಕ್ಕಳ ಎದೆ ಡವಗುಟ್ಟುತ್ತಿತ್ತು. ಆಮೇಲೆ ತಟಕ್ಕನೆ ಬಲಗೈ ಎತ್ತಿ ಯಾರೋ ಒಬ್ಬನ ಕಡೆ ಬೆರಳು ಮಾಡಿ, "ಅಗೋ, ಅಲ್ಲಿ ಅವಿತಿದ್ದಾನೆ" ಅನ್ನುತ್ತಿದ್ದ. ಎಲ್ಲರೂ ಆ ಮಗುವಿನ ಮೇಲೆ ಬಿದ್ದು ಕಚಗುಳಿ ಇಟ್ಟು ಹೊರಳಾಡಿಸುತ್ತಿದ್ದರು. ತಾತನೂ ನಗುತ್ತಿದ್ದ, ಕಣ್ಣಲ್ಲಿ ನೀರು ಬರುವ ಹಾಗೆ. ಆ ನೀರು ಯಾವುದರದ್ದು ಅಂತ ಈಗ ಯೋಚಿಸಿ ಕತ್ತರಿಗೆ ತಲೆ ಕೆಡುತ್ತದೆ. ಒಮ್ಮೊಮ್ಮೆ ಮುದುಕ ಮಾಡಿದ ಪಾಪ ಹೊರಲಾರದೆ ಮಕ್ಕಳ ಎದುರು ಕಕ್ಕುತ್ತಿದ್ದ ಅಂತ ಅಂದುಕೊಳ್ಳುತ್ತಾನೆ. ಅದು ಚೆನ್ನಾಗಿರುತ್ತದೆ, ನಾಟಕಕ್ಕೆ ಒದಗುತ್ತದೆ. ಆದರೆ ನಿಜ ಹೇಳಬೇಕು ಅಂದರೆ ಮುದುಕ ಬರೀ ಖುಷಿಯಾಗಿದ್ದ. ಹತ್ತೊಂಬತ್ತರ ಹತ್ತಿರ ಬರುವಾಗ ಅವನ ದನಿ ಏರುತ್ತಿದ್ದದ್ದು ಖುಷಿಗೆ. ತನ್ನ ಕಣ್ಣು ಎಷ್ಟು ಚುರುಕಾಗಿತ್ತು ಅಂತ ನೆನೆದ ಖುಷಿ.

ಅವತ್ತೇ ಅಕ್ಕನಿಗೆ ಫೋನು ಮಾಡಿದ್ದ. "ತಾತ ಆಡಿಸ್ತಿದ್ದ ಎಣಿಕೆ ನೆನಪಿದೆಯಾ?" ಅಂದ.

"ಯಾಕಿಲ್ಲ, ಮೊನ್ನೆ ತಾನೇ ಮೊಮ್ಮಗಳಿಗೆ ಹೇಳ್ಕೊಟ್ಟೆ. ಹತ್ತೊಂಬತ್ತು ಬಂದ್ರೆ ಸಾಕು, ಬಿದ್ದು ಬಿದ್ದು ನಗ್ತಾಳೆ ಕಣೋ."

ಅವನು ಕಾಗದದ ವಿಷಯ ಹೇಳಿದ. ಆ ಕಡೆ ನಲ್ಲಿ ನೀರು ಪಾತ್ರೆಗೆ ಬೀಳುವ ಸದ್ದು ಕೇಳುತ್ತಿತ್ತು. ಅಕ್ಕ ನಲ್ಲಿ ನಿಲ್ಲಿಸಿದಳು.

"ಓದು ಅಂದ್ರು, ತಾತ ಓದಿದ್ರು. ಓದ್ದೆ ಇದ್ದಿದ್ರೆ ಇನ್ನೊಬ್ಬ ಓದ್ತಿದ್ದ," ಅಂದಳು. "ಆ ಕೆಲಸ ಇದ್ದಿದ್ರಿಂದ ಅಪ್ಪ ಸ್ಕೂಲಿಗೆ ಹೋಗಿದ್ದು, ನೀನು ಕಾಲೇಜು ಕಂಡಿದ್ದು. ನಮ್ಮನ್ನ ಎತ್ತಿ ಆಡಿಸಿದ ಕೈ ಅದು. ಸತ್ತವರ ತಂಟೆ ನಿನಗ್ಯಾಕೆ, ಸುಮ್ನೆ ನಿನ್ನ ನಾಟಕ ನೋಡ್ಕೋ."

ಸುಮ್ಮನಿರು ಅಂತ ಯಾರಾದರೂ ಹೇಳಲಿ ಅಂತಲೇ ಫೋನು ಮಾಡಿದ್ದು. ಹೇಳಿಸಿಕೊಂಡ ಮೇಲೆ ಹೊಟ್ಟೆ ತಣ್ಣಗಾಯಿತು. ಮಾರನೆಯ ದಿನ ನಿರ್ದೇಶಕನ ಎದುರು ಕಾಗದ ಇಟ್ಟು, ಅಡ್ಡಹೆಸರುಗಳನ್ನು ಬಳಸಿದರೆ ಸತ್ತವರಿಗೆ ಎರಡನೆಯ ಸಲ ಅವಮಾನ ಮಾಡಿದ ಹಾಗೆ, ಬೇರೆ ಹೆಸರು ಕಟ್ಟೋಣ, ಅಂದ. ನಮ್ಮವನೊಬ್ಬನ ಕೈ ದೊಡ್ಡದಾಗಿ ತೋರಿಸಿದರೆ ದೊರೆಯ ಕೈ ಮಸುಕಾಗುತ್ತದೆ, ಅಂದ. ಗುಮಾಸ್ತೆಯ ಒಂಬತ್ತು ಪುಟದ ದೃಶ್ಯವನ್ನು ಒಂದೂವರೆ ಪುಟಕ್ಕೆ ಇಳಿಸಿದ. ಆ ಒಂದೂವರೆ ಪುಟದಲ್ಲೂ ಗುಮಾಸ್ತೆಯ ಕುತ್ತಿಗೆಗೆ ದೊರೆಯ ಪಿಸ್ತೂಲು ಒತ್ತಿಸಿದ, ಕಣ್ಣೀರು ಹಾಕಿಸಿದ, ಕೊನೆಗೆ ಪಟ್ಟಿಯನ್ನು ಕೈಯಿಂದ ಜಾರಿಸಿ ಬೀಳಿಸಿದ. ಪಿಸ್ತೂಲಿನ ಬಗ್ಗೆ ಯಾವ ಕಾಗದದಲ್ಲೂ ಒಂದಕ್ಷರ ಇರಲಿಲ್ಲ. ಓದಿ ನೋಡಿದ ನಿರ್ದೇಶಕ ಬೆನ್ನು ತಟ್ಟಿದ. "ಕತ್ತರಿ, ನಿನ್ನ ಕರುಳು ದೊಡ್ಡದು" ಅಂದ.

ಇವತ್ತು ಆ ಗುಮಾಸ್ತೆಯ ಪಾತ್ರದವನು ಬಂದಿರಲಿಲ್ಲ. ಹಲ್ಲುಜ್ಜುವ ಪೇಸ್ಟಿನ ಜಾಹೀರಾತಿಗೆ ನಗುವುದಕ್ಕೆ ಹೋಗಿದ್ದ. ಹುತಾತ್ಮರ ಪಟ್ಟಿ ಓದಿ ಅಳುವ ಬಾಯಿಗೆ ಹಾಗೊಂದು ಉಪಯೋಗ. ನಟ ಬರದಿದ್ದರೆ ಅವನ ಮಾತುಗಳನ್ನು ಪ್ರತಿ ಹಿಡಿದವನು ಓದಬೇಕು, ಅದೂ ರಂಗಕ್ಕೆ ಬೆನ್ನು ಮಾಡಿ, ಖಾಲಿ ಕುರ್ಚಿಗಳ ಕಡೆ ಮುಖ ಹಾಕಿ ನಿಂತು ಓದಬೇಕು ಅನ್ನುವುದು ಈ ತಂಡದ ಕಟ್ಟಳೆ. ಹಿಂದೊಮ್ಮೆ ಯಾರೋ ಬದಲಿಗೆ ನಿಂತವನು ಅಸಲಿ ನಟನಿಗಿಂತ ಚೆನ್ನಾಗಿ ಆಡಿಬಿಟ್ಟು ದೊಡ್ಡ ಜಗಳವಾಗಿತ್ತಂತೆ. ಅಂದಿನಿಂದ ಬದಲಿಯವನಿಗೆ ಮುಖ ಇಲ್ಲ, ದನಿ ಮಾತ್ರ. ಅಳತೆಗೂ ಅದೇ ಕಟ್ಟಳೆ. ನಟ ಸಿಗದಿದ್ದರೆ ಉಡುಪಿನ ಅಳತೆಗೆ ಅದೇ ಮೈಕಟ್ಟಿನ ಇನ್ನೊಬ್ಬ ನಿಲ್ಲಬೇಕು. ಹಾಗಾಗಿ ಎರಡು ತಿಂಗಳ ಹಿಂದೆ ದರ್ಜಿಯಮ್ಮನ ಮುಂದೆ ಗುಮಾಸ್ತೆಯ ಕೋಟಿಗೆ ಕೈ ಚಾಚಿ ನಿಂತವನೂ ಕತ್ತರಿಯೇ.

ದರ್ಜಿಯಮ್ಮನಿಗೆ ಎಪ್ಪತ್ತರ ಹತ್ತಿರ. ಗೋದಾಮಿನ ಆ ತುದಿಯ ಕಿಟಕಿ ಕೆಳಗೆ ಮೇಜು, ಹೊಲಿಗೆ ಮಿಷನ್ನು, ಬಟ್ಟೆಯ ತುಂಡುಗಳು ಅವಳ ರಾಜ್ಯ. ಅವಳು ಗಣಿಯ ಊರಿನವಳು ಅಂತ ಗೊತ್ತಾದ ದಿನದಿಂದ ನಿರ್ದೇಶಕ ಬಂದವರಿಗೆಲ್ಲ ಅವಳನ್ನು ತೋರಿಸುತ್ತಾನೆ, ಸತ್ತವರ ಹೆಸರು ಗೊತ್ತಾ ಅಂತ ಮಾತ್ರ ಒಂದು ದಿನವೂ ಕೇಳಿಲ್ಲ, ಅವಳು ತಲೆ ಎತ್ತದೆ ಸೂಜಿಗೆ ದಾರ ಪೋಣಿಸುತ್ತಾಳೆ. ಅವಳ ಬಲಗೈಯ ಹೆಬ್ಬೆರಳ ಪಕ್ಕದಲ್ಲಿ ಇನ್ನೊಂದು ಪುಟ್ಟ ಬೆರಳಿತ್ತು, ಉಗುರು ಸಮೇತ. ತಂಡದವರೆಲ್ಲ ವರ್ಷಗಳಿಂದ ನೋಡಿದ್ದೇ, ಕತ್ತರಿಯೂ ನೋಡಿದ್ದೇ. ಆದರೆ ಅವತ್ತು ಆ ಬೆರಳು ಅಳತೆ ಪಟ್ಟಿಯ ಜೊತೆ ಅವನ ತೋಳಿನ ಉದ್ದಕ್ಕೂ ಜಾರುತ್ತಿದ್ದಾಗ ಅವಳು ತಾನಾಗಿಯೇ ಹೇಳಿದಳು.

"ನಮ್ಮಪ್ಪಂದೂ ಹಿಂಗೇ ಇತ್ತಂತೆ. ನಾನು ನೋಡಿಲ್ಲ. ಗುಂಡು ಹಾರಿದಾಗ ನಾನಿನ್ನೂ ಹೊಟ್ಟೇಲಿದ್ದೆ."

"ಅವರೂ ಅಲ್ಲಿ..." ಅಂದ ಕತ್ತರಿ.

"ಯಾರಿಗ್ಗೊತ್ತು. ಹಿಂದಿನ ದಿನ ಅಮ್ಮನ ಹತ್ರ ಜಗಳ ಆಡಿ, ನಿನ್ನ ಮುಖ ನೋಡಲ್ಲ ಅಂತ ಹೇಳಿ ಹೊರಗೆ ಹೋದ್ನಂತೆ. ಆಮೇಲೆ ಬರ್ಲಿಲ್ಲ. ನಲವತ್ತು ಮನೆಯವರು ನಮ್ಮವನು ಹೋದ ಅಂತ ಅತ್ತರು. ನಲವತ್ತೊಂದನೆಯವನು ಯಾರು ಅಂತ ಯಾರೂ ಹೇಳ್ಲಿಲ್ಲ. ಊರವರು, ನಿನ್ನ ಗಂಡ ಸಾಯೋ ಜಾತಿ ಅಲ್ಲಮ್ಮ, ಓಡಿಹೋಗೋ ಜಾತಿ ಅಂದ್ರಂತೆ. ಅಮ್ಮನಿಗೆ ತೊಂಬತ್ತಾಯ್ತು, ಈಗಲೂ ಊಟಕ್ಕೆ ಕೂತ್ರೆ ಮೊದಲು ಅವನನ್ನ ಬೈದು ಆಮೇಲೆ ತುತ್ತು ಎತ್ತೋದು. ಸತ್ತಿದ್ರೆ ಸತ್ತವನ ಹೆಂಡತಿ ಅನ್ನಿಸ್ಕೊಂಡಾದ್ರೂ ಬದುಕ್ತಿದ್ದೆ, ಬಿಟ್ಟೋದವನ ಹೆಂಡತಿ ಅನ್ನಿಸ್ಕೊಂಡು ಬದುಕಿದ್ನಲ್ಲ ಅಂತಾಳೆ. ಕೈ ಎತ್ತಪ್ಪ, ಕಂಕುಳ ಅಳತೆ ಬೇಕು."

ಅವನು ಕೈ ಎತ್ತಿದ. ಹತ್ತೊಂಬತ್ತನೆಯವನ ಮಗಳು ಅವನ ಕಂಕುಳಿಗೆ ಪಟ್ಟಿ ಹಿಡಿದು ಅಂಕಿ ಬರೆದುಕೊಂಡಳು. ಒಂದು ಮಾತು, ಒಂದೇ ಮಾತು ಹೇಳಿದ್ದರೆ ಸಾಕಿತ್ತು. ನಿಮ್ಮಪ್ಪ ಓಡಿಹೋಗಲಿಲ್ಲ ಅಂತ. ಆದರೆ ಅದು ಒಂದೇ ಮಾತಾಗಿ ಎಲ್ಲಿ ನಿಲ್ಲುತ್ತದೆ. ನಿನಗೆ ಹೇಗೆ ಗೊತ್ತು ಅನ್ನುತ್ತಾಳೆ. ಪಟ್ಟಿ ನನ್ನ ಬಾಯಲ್ಲಿದೆ ಅನ್ನಬೇಕು. ಬಾಯಿಗೆ ಹೇಗೆ ಬಂತು ಅನ್ನುತ್ತಾಳೆ. ಓದಿದವನು ನನ್ನ ತಾತ ಅನ್ನಬೇಕು. ಅಷ್ಟಕ್ಕೇ ಮುಗಿದರೆ ಹೇಗೋ ನಿಭಾಯಿಸಬಹುದಿತ್ತು, ಓದು ಅಂದರು ಓದಿದ ಅಂತ ಅಕ್ಕನ ಮಾತನ್ನೇ ಒಪ್ಪಿಸಬಹುದಿತ್ತು. ನಿಮ್ಮಪ್ಪ ಹೆಸರಿಗೆ ಓಗೊಡದೆ ಗುಂಪಿನಲ್ಲಿ ತಲೆ ತಗ್ಗಿಸಿ ಅಡಗಿದ್ದ, ಯಾರೂ ಕೇಳದಿದ್ದರೂ ನನ್ನ ತಾತ ಬೆರಳು ಮಾಡಿ ತೋರಿಸಿದ, ಅದನ್ನೇ ನಮಗೆ ಆಟವಾಗಿ ಆಡಿಸಿದ, ನಾವು ಬಿದ್ದು ಬಿದ್ದು ನಕ್ಕೆವು ಅಂತ ಯಾವ ಬಾಯಲ್ಲಿ ಹೇಳುವುದು. ನಾಳೆ ಹೇಳೋಣ ಅಂದುಕೊಂಡ. ನಾಟಕ ಮುಗಿದ ಮೇಲೆ ಹೇಳೋಣ ಅಂದುಕೊಂಡ. ಸರಿಯಾದ ಸಂದರ್ಭ ಬೇಕು ಅಂದುಕೊಂಡ. ನಾಟಕದಲ್ಲಿ ಯಾವ ಮಾತು ಎಲ್ಲಿ ಬರಬೇಕು ಅಂತ ಹೇಳಿ ಅನ್ನ ತಿನ್ನುವವನಿಗೆ ಸಂದರ್ಭದ ನೆಪ ಹುಡುಕುವುದು ಕಷ್ಟವೇ?

ಮೂರು ವಾರದ ಹಿಂದೆ ದರ್ಜಿಯಮ್ಮನ ತಾಯಿ ತೀರಿಕೊಂಡಳು. ತಂಡದವರೆಲ್ಲ ಹೋದರು. ಎರಡು ಕೋಣೆಯ ಮನೆ, ಮಂಚದ ಮೇಲೆ ಒಂದು ಹಿಡಿ ಮುದುಕಿ, ತುಟಿ ಒಂದು ಕಡೆಗೆ ಸೊಟ್ಟ. ಬೈಯುತ್ತಾ ಬೈಯುತ್ತಾ ನಿಂತುಹೋದ ಬಾಯಿ ಅಂತ ಕತ್ತರಿಗೆ ಅನ್ನಿಸಿತು. ಅವನು ಕಾಲ ಬಳಿ ತಲೆ ತಗ್ಗಿಸಿ ನಿಂತ, ಎಲ್ಲರಿಗಿಂತ ಸ್ವಲ್ಪ ಹೆಚ್ಚು ಹೊತ್ತೇ ನಿಂತ. ದರ್ಜಿಯಮ್ಮ ಅದನ್ನು ಗಮನಿಸಿ, "ಬಂದಿದ್ದು ಒಳ್ಳೇದಾಯ್ತಪ್ಪ" ಅಂದಳು. ಹೊರಗೆ ಬಂದವನಿಗೆ ಮೊದಲು ಹೊಳೆದದ್ದು, ಇನ್ನು ಹೇಳಿ ಏನು ಪ್ರಯೋಜನ ಅನ್ನುವ ಮಾತು. ಎಷ್ಟು ಹಗುರವಾಯಿತು ಎದೆ. ಮುದುಕಿ ಸತ್ತು ತನಗೆ ಉಪಕಾರ ಮಾಡಿದ ಹಾಗೆ. ದಾರಿಯ ಅಂಗಡಿಯಲ್ಲಿ ನಿಂತು ಬಿಸಿಯಾಗಿ ಚಹಾ ಕುಡಿದ, ಬಿಸ್ಕತ್ತೂ ತಿಂದ. ತೂ, ಎಂಥ ಹೊಟ್ಟೆ.

"ಕತ್ತರಿ, ಇವತ್ತು ಗುಮಾಸ್ತೆ ನೀನೇ," ನಿರ್ದೇಶಕ ಕೂಗಿದ. "ಗೋಡೆ ಮೇಲಿನ ಹೆಸರು ಓದು. ನಿಧಾನ, ಒಂದೊಂದು ಹೆಸರಿಗೂ ಉಸಿರು ಬಿಡು. ಅಭಿನಯ ಬೇಡ."

ಒಂಬತ್ತು ಜನ ನಟರು ನಲವತ್ತೊಂದು ಆಳುಗಳಾಗಿ ಹಿಂದೆ ಸಾಲು ನಿಂತರು. ಹೆಸರುಗಳನ್ನು ಒಂದು ಹಾಳೆಗೆ ಇಳಿಸಿಕೊಂಡು ಕತ್ತರಿ ಅವರಿಗೆ ಬೆನ್ನು ಮಾಡಿ ನಿಂತ. ಎದುರು ಖಾಲಿ ಕುರ್ಚಿಗಳು, ಅವುಗಳಾಚೆ ಕಿಟಕಿಯ ಬೆಳಕಿನಲ್ಲಿ ದರ್ಜಿಯಮ್ಮ. ಮಡಿಲಲ್ಲಿ ಗುಮಾಸ್ತೆಯ ಕರಿ ಕೋಟು ಹಾಕಿಕೊಂಡು ಅದರ ಒಳಪದರಕ್ಕೆ ಕೈಹೊಲಿಗೆ ಹಾಕುತ್ತಿದ್ದಳು. ಆ ಕೋಟು ನಟನಿಗೆ ಎರಡು ಬೆರಳು ಸಡಿಲ. ಅವನು ಗೊಣಗಿದಾಗ, "ಪಾತ್ರ ತುಂಬಿಸು, ಕೋಟು ತಾನೇ ತುಂಬುತ್ತೆ" ಅಂದಿದ್ದಳು.

ಮೊದಲ ಹೆಸರು ಓದಿದ, ಬೆಳಕಿನ ಅರ್ಥದ್ದು. ಹಿಂದಿನಿಂದ "ಇದ್ದೀನಿ" ಅಂತ ಬಂತು. ಎರಡನೆಯದು, "ಇದ್ದೀನಿ". ಬೆನ್ನ ಹಿಂದಿನಿಂದ ಬರುವ ಆ ದನಿಗೆ ಮೈ ಎಲ್ಲೋ ಜಾರಿತು. ಗೋಡೆಗೆ ಮುಖ ಮಾಡಿ ಕಣ್ಣು ಮುಚ್ಚಿ ತಾನು ಎಣಿಸುವ ಪಾಳಿ, ಹಿಂದೆ ಅಕ್ಕ, ಚಿಕ್ಕಪ್ಪನ ಮಕ್ಕಳು, ಹಿತ್ತಲ ಮಣ್ಣಿನ ವಾಸನೆ, ಮೆಟ್ಟಿಲ ಮೇಲೆ ತಾತನ ಕೆಮ್ಮು. ಮೂರನೆಯದು ನದಿಯ ಅರ್ಥದ್ದು, ಓದಿದ. "ಇದ್ದೀನಿ." ನಾಲ್ಕನೆಯದಕ್ಕೆ ಬಾಯಿ ತೆರೆದರೆ ಅಳುಬುರುಕ ಅಂತ ಬಂತು. ಹಿಂದೆ ಯಾರೋ ಕಿಸಕ್ಕನೆ ನಕ್ಕು, "ಇದ್ದೀನಿ" ಅಂದರು. ಹಾಳೆ ಕೈಯಲ್ಲೇ ಇತ್ತು, ಅಕ್ಷರಗಳು ಕಾಣುತ್ತಲೂ ಇದ್ದವು, ನಾಲಿಗೆ ಮಾತ್ರ ಅವನದಾಗಿ ಉಳಿದಿರಲಿಲ್ಲ. ಅವನ ತಮ್ಮ. ಮೆಳ್ಳಗಣ್ಣ, ಕೆಮ್ಮುರಾಯ, ಹಾಡೋ ಕತ್ತೆ, ನಿದ್ದೆಗುಮ್ಮ. ಅಂಗೈ ತೊಡೆಯ ಮೇಲೆ ಬಡಿಯುತ್ತಿತ್ತು. ನಟರಿಗೆ ಹುರುಪು ಬಂತು, ತಾಳಕ್ಕೆ ಸರಿಯಾಗಿ ಇದ್ದೀನಿ ಇದ್ದೀನಿ ಅಂತ ಒಬ್ಬರ ಮೇಲೊಬ್ಬರು ಹಾರಿ ಬೀಳತೊಡಗಿದರು. ಹೊಸಬ, ಹೊಸಬನ ಅಪ್ಪ. ನಿಲ್ಲಿಸಬೇಕು ಅಂತ ಅವನಿಗೆ ಅನ್ನಿಸಿತು, ಇಲ್ಲೇ ಈಗಲೇ ನಿಲ್ಲಿಸಬೇಕು ಅಂತ. ಮೂಗಿನಲ್ಲಿ ಎಳೆದ ತಾತನ ದನಿ ಅವನ ಗಂಟಲಿನಿಂದ ಹೊರಟಿತು. "ಆರು ಬೆರಳಾ..." ಯಾರೂ ಉತ್ತರ ಕೊಡುವ ಮೊದಲೇ ಬಲಗೈ ಮೇಲೆದ್ದು ಕುರ್ಚಿಗಳ ಆಚೆ ಚಾಚಿತು. "ಅಗೋ, ಅಲ್ಲಿ ಅವಿತಿದ್ದಾನೆ."

ಬೆರಳ ತುದಿಯಲ್ಲಿ ದರ್ಜಿಯಮ್ಮ ಇದ್ದಳು.

ನಟರು ಹೊಟ್ಟೆ ಹಿಡಿದುಕೊಂಡು ನಕ್ಕರು. ನಿರ್ದೇಶಕ ಕುರ್ಚಿ ತಳ್ಳಿ ಎದ್ದು ಬಂದ, ಮುಖ ಕೆಂಪೇರಿತ್ತು. "ಇದು ಬೇಕಾಗಿತ್ತು ನೋಡು," ಅಂದ. "ಕ್ರೌರ್ಯವನ್ನ ಆಟ ಮಾಡಿಬಿಟ್ಟೆಯಲ್ಲ. ನನ್ನ ಹೆಸರುಗಳೆಲ್ಲ ಇದರ ಮುಂದೆ ಸಪ್ಪೆ. ಎಲ್ಲಿಂದ ಹೊಳೀತು ಮಾರಾಯ ನಿನಗೆ?"

ಕತ್ತರಿಯ ಕೈ ಇನ್ನೂ ಇಳಿದಿರಲಿಲ್ಲ. ಇಳಿಸಿದ. "ಹಾಗೇ ಹೊಳೀತು ಸಾರ್" ಅಂದ. ಹದಿನೈದು ವರ್ಷದಲ್ಲಿ ಮೊದಲ ಸಲ ಯಾರೋ ಅವನನ್ನು ಎಲ್ಲರ ಎದುರು ಹೊಗಳಿದ್ದರು, ಅವನ ಕಿವಿ ಬೆಚ್ಚಗಾಗಿತ್ತು. ನಲವತ್ತೊಂದು ಹೆಣದ ಮೇಲೆ ನಿಂತು ಈ ಮನುಷ್ಯ ನಾಚಿಕೊಂಡ.

ದರ್ಜಿಯಮ್ಮ ಕೋಟನ್ನು ಮೇಜಿನ ಮೇಲಿಟ್ಟು ಕುರ್ಚಿಗಳ ನಡುವೆ ದಾರಿ ಮಾಡಿಕೊಂಡು ಬಂದಳು. ಬೆರಳಲ್ಲಿ ಸೂಜಿ ಹಾಗೇ ಇತ್ತು.

"ಆರು ಬೆರಳ ಅಂತ ಯಾಕೆ ಅಂದೆ?"

ಅವನು ಕೈಯಲ್ಲಿದ್ದ ಹಾಳೆ ಮಡಚಿದ.

"ಈ ತಂಡದಲ್ಲಿ ಇಷ್ಟು ವರ್ಷ ಯಾರೂ ಆಡಿರ್ಲಿಲ್ಲ. ನನ್ನ ಕೈ ನೋಡಿ ಗೇಲಿ ಮಾಡ್ದೆಯಾ?"

ಅವಳೇ ಬಾಗಿಲು ತೆರೆದು ಕೊಟ್ಟಿದ್ದಳು. ಹೌದಮ್ಮ ತಪ್ಪಾಯ್ತು ಅಂದರೆ ಮುಗಿಯಿತು. ಮುದುಕಿಯ ಅಂಗದ ಊನ ಆಡಿಕೊಂಡ ನೀಚ ಅನ್ನಿಸಿಕೊಳ್ಳುವುದು ಎಷ್ಟು ಸುಲಭ, ಎರಡು ದಿನ ಎಲ್ಲರೂ ಮುಖ ತಿರುಗಿಸುತ್ತಾರೆ, ಮೂರನೆಯ ದಿನ ಮರೆಯುತ್ತಾರೆ. ಸಣ್ಣ ನೀಚತನದ ಹಿಂದೆ ದೊಡ್ಡದು ಅಡಗಿ ಕೂರಬಹುದು. ತಪ್ಪಾಯ್ತು ಅನ್ನುವ ಮಾತು ತುಟಿಯವರೆಗೆ ಬಂದಿತ್ತು. ಅವಳ ಕಣ್ಣಲ್ಲಿ ನೀರಿರಲಿಲ್ಲ, ಸಿಟ್ಟೂ ಇರಲಿಲ್ಲ. ಗೇಲಿ ಮಾಡಿಸಿಕೊಂಡು ಅಭ್ಯಾಸ ಇದ್ದವಳ ಹಾಗೆ ಉತ್ತರಕ್ಕೆ ಕಾಯುತ್ತಿದ್ದಳು. ಅಷ್ಟು ಸಾಮಾನ್ಯವಾಗಿ ಅವಳು ಕಾಯುವುದನ್ನು ಅವನು ತಾಳಲಾರದೆ ಹೋದ.

"ಇಲ್ಲಮ್ಮ. ಪಟ್ಟಿಯಲ್ಲಿ ಹಾಗಿದೆ. ಹತ್ತೊಂಬತ್ತನೆಯದು," ಅಂದ.

"ಯಾವ ಪಟ್ಟಿ?"

"ಗುಮಾಸ್ತೆ ಓದಿದ್ದು. ಅವನು ನಮ್ಮ ತಾತ." ಆಮೇಲೆ ನಿಲ್ಲಿಸಲಾಗಲಿಲ್ಲ. ಹಿತ್ತಲ ಮೆಟ್ಟಿಲು, ಎಣಿಕೆ, ಗೋಡೆ, ಹತ್ತೊಂಬತ್ತರ ನಿಯಮ, ಕಚಗುಳಿ, ಎಲ್ಲವನ್ನೂ ಹೇಳಿದ. ಕೆಟ್ಟದಾಗಿ ಹೇಳಿದ, ಹಿಂದುಮುಂದಾಗಿ, ಕತ್ತರಿಸದೆ. ನಟರು ನಗುವುದನ್ನು ನಿಲ್ಲಿಸಿ ನೆಲ ನೋಡುತ್ತಿದ್ದರು.

"ನಿನಗೆ ಯಾವಾಗಿಂದ ಗೊತ್ತು?"

"ನೀವು ನನ್ನ ಅಳತೆ ತಗೊಂಡ ದಿನದಿಂದ."

ಅವಳು ಲೆಕ್ಕ ಹಾಕಿದಳು. "ಆಗ ಅಮ್ಮ ಇದ್ಳು."

"ಹೌದು."

"ಮನೆಗೂ ಬಂದಿದ್ದೆ."

"ಬಂದಿದ್ದೆ."

"ಕಾಲ ಹತ್ರ ನಿಂತಿದ್ದೆ. ನಾನು ನಿನಗೆ ಬಂದಿದ್ದು ಒಳ್ಳೇದಾಯ್ತು ಅಂದೆ."

ನಿರ್ದೇಶಕ ಮೆತ್ತಗೆ ಹತ್ತಿರ ಬಂದು, "ದರ್ಜಿಯಮ್ಮ, ಇದು ತುಂಬಾ ದೊಡ್ಡ ಕ್ಷಣ, ನೀವು ಒಪ್ಪಿದ್ರೆ ಇದನ್ನ..." ಅಂದ.

"ನೀನು ಸ್ವಲ್ಪ ಸುಮ್ನಿರಪ್ಪ," ಅಂದಳು ಅವನ ಕಡೆ ನೋಡದೆ. ಕತ್ತರಿಯನ್ನೇ ಕೇಳಿದಳು, "ಹೆಸರು ಕರೆದಾಗ ನಮ್ಮಪ್ಪ ಉತ್ತರ ಕೊಡ್ಲಿಲ್ಲ ಅಂದ್ಯಲ್ಲ?"

"ಕೊಡ್ಲಿಲ್ಲ. ಗುಂಪಲ್ಲಿ ಅವಿತಿದ್ದ."

"ಬದುಕ್ಬೇಕು ಅಂತಿದ್ದ," ಅಂದಳು. ಆಮೇಲೆ, "ಮನೆಗೆ ಬರ್ಬೇಕು ಅಂತಿದ್ದ" ಅಂದಳು. ಕುರ್ಚಿಯ ಬೆನ್ನನ್ನು ಹಿಡಿದುಕೊಂಡಳು. ಆರನೆಯ ಬೆರಳು ಮರದ ಮೇಲೆ ಬೇರೆಯಾಗಿ, ಬಿಳಿಚಿಕೊಂಡು ಒತ್ತಿತ್ತು. ಎಪ್ಪತ್ತು ವರ್ಷ ಒಬ್ಬ ಹೆಂಗಸು ತಟ್ಟೆಯ ಮುಂದೆ ಕೂತು ಬೈದದ್ದು ತನ್ನ ಹತ್ತಿರ ವಾಪಸು ಬರಬೇಕೆಂದಿದ್ದ ಗಂಡನನ್ನು.

ಅವಳು ತಿರುಗಿ ತನ್ನ ಮೇಜಿನ ಕಡೆ ನಡೆದಳು. ಹೊರಟಳು, ಇನ್ನು ಬರುವುದಿಲ್ಲ, ಅಂತ ಕತ್ತರಿ ಅಂದುಕೊಂಡ. ಅಂದುಕೊಂಡದ್ದರಲ್ಲಿ ಒಂದಿಷ್ಟು ಆಸೆಯೂ ಇತ್ತು, ಅದನ್ನೂ ಅವನು ಕಂಡ. ಅವಳು ಕೋಟು ತಂದಳು. ಎರಡೂ ಕೈಯಲ್ಲಿ ಹೆಗಲ ಹತ್ತಿರ ಹಿಡಿದು ಅವನ ಮುಂದೆ ಅಗಲ ಮಾಡಿದಳು.

"ಹಾಕ್ಕೋ."

"ಅದು ಆ ನಟಂದು..."

"ಅಳತೆ ನಿಂದು."

ಅವನು ತೋಳು ತೂರಿಸಿದ. ಕೋಟು ಹೆಗಲಿಗೆ ಕೂತಿತು, ಬೆನ್ನಿಗೆ ಕೂತಿತು, ಎಲ್ಲೂ ಎರಡು ಬೆರಳು ಸಡಿಲ ಇರಲಿಲ್ಲ. ಅವಳು ಎದುರು ನಿಂತು ಗುಂಡಿ ಹಾಕಿದಳು, ಕಾಲರು ಸರಿ ಮಾಡಿದಳು. ಬಾಯಲ್ಲಿ ಗುಂಡುಸೂಜಿ ಕಚ್ಚಿಕೊಂಡು ಒಂದು ಹೆಜ್ಜೆ ಹಿಂದೆ ಸರಿದು ನೋಡಿದಳು. ನಿರ್ದೇಶಕ ಉಸಿರು ಹಿಡಿದಿದ್ದ. ಆ ಉಸಿರಿನಲ್ಲೂ ಅವನಿಗೆ ದೃಶ್ಯವೇ ಕಾಣುತ್ತಿದೆ ಅಂತ ಕತ್ತರಿಗೆ ಗೊತ್ತಿತ್ತು.

"ಈಗ ಕೈ ಎತ್ತು," ಅಂದಳು. "ನಿಮ್ಮ ತಾತ ಎತ್ತಿದ ಹಾಗೆ."

ಕೈ ಏಳಲಿಲ್ಲ. ಅವಳು ಕಾದಳು. ಇನ್ನೊಂದು ಸಲ ಹೇಳಲಿಲ್ಲ. ಕೊನೆಗೆ ಅವನು ಎತ್ತಿದ, ಬೆರಳು ಚಾಚಿದ. ತೋಳಿನ ಹೊಲಿಗೆ ಕಂಕುಳಲ್ಲಿ ಬಿಗಿದು ಚರ್ರ್ ಅಂದಿತು. ಅವಳು ಹತ್ತಿರ ಬಂದು ಬಗ್ಗಿ ನೋಡಿ, ಆ ಪುಟ್ಟ ಬೆರಳಿನಿಂದ ಬಟ್ಟೆ ಒತ್ತಿಹಿಡಿದು ಗುಂಡುಸೂಜಿ ಚುಚ್ಚಿ ಗುರುತು ಮಾಡಿದಳು.

"ಇಲ್ಲಿ ಎಳೀತಿದೆ," ಅಂದಳು. "ಬಿಚ್ಚಿ ಕೊಡು, ಸಡಿಲ ಮಾಡ್ತೀನಿ. ಇಪ್ಪತ್ತು ಪ್ರದರ್ಶನ ಇದೆಯಲ್ಲ, ದಿನಾ ಎತ್ಬೇಕಾಗುತ್ತೆ."